ಮದುಮಗಳ ಎಡಗಾಲು

ಹತ್ತಿ ಬಿಡಿಸುವ ಎರಡನೇ ಸುತ್ತು ನಡೆದಿತ್ತು. ಮೊದಲ ಸುತ್ತು ಕೈಗೆ ಸುಖ. ಎರಡನೆಯದರ ಹೊತ್ತಿಗೆ ಕಾಯಿ ಒಣಗಿ ಕಟ್ಟಿಗೆಯಾಗಿರುತ್ತದೆ, ಅದರ ಮೊನೆ ಉಗುರಿನ ಸಂದಿಯನ್ನೇ ಹುಡುಕಿಕೊಂಡು ಬಂದು ಚುಚ್ಚುತ್ತದೆ. ಇಬ್ಬನಿ ಆರುವ ತನಕ ಮೇಸ್ತ್ರಿ ನಮ್ಮನ್ನು ಸಾಲಿಗೆ ಇಳಿಯಗೊಡುವುದಿಲ್ಲ. ಒದ್ದೆ ಹತ್ತಿ ಹೆಚ್ಚು ತೂಗುತ್ತದೆ, ಕೂಲಿಯವರು ಮೋಸ ಮಾಡುತ್ತಾರೆ ಅಂತ ಅವನ ಅನುಮಾನ. ಹಾಗಾಗಿ ಕಾಲುವೆಯ ಏರಿಯ ಮೇಲೆ ಕೂತು, ಒಣರೊಟ್ಟಿಗೆ ಈರುಳ್ಳಿ ಕಚ್ಚಿಕೊಂಡು, ಟೀ ಕುಡಿಯುತ್ತಾ ಬಿಸಿಲಿಗೆ ಕಾಯುತ್ತಿದ್ದೆವು.

ಆಗೆಲ್ಲ ನಮ್ಮ ಟೀ ಲೋಟದ ತಳದಲ್ಲಿ ಬಿಳಿ ಗಸಿ ನಿಲ್ಲುತ್ತಿತ್ತು. ಕಾಲುವೆ ನೀರು ಕೆಟ್ಟಿದೆ ಅಂದರು ಕೆಲವರು. ಮೇಲೆ ದೊಡ್ಡ ಅಣೆಕಟ್ಟು ಕಟ್ಟಿದ ಮೇಲೆ ನೈಲ್ ನದಿಯ ಗುಣವೇ ಹೋಯಿತು ಅಂದರು ಇನ್ನು ಕೆಲವರು. ಗಸಿಯನ್ನು ಏರಿಯ ಮಣ್ಣಿಗೆ ಚೆಲ್ಲಿ, ಲೋಟ ಸೆರಗಿನಲ್ಲಿ ಒರೆಸಿ ಇಡುತ್ತಿದ್ದೆವು.

"ಫಾರೂಕನವ್ವಾ! ಹಾಜಿಗಳ ಮನೆಯಿಂದ ಕರೆ ಬಂದದೆ. ಬಾತುಕೋಳಿ ಪುಕ್ಕ ಕೀಳಬೇಕಂತೆ. ಈಗಲೇ."

ಕೂಗಿದವಳು ಹಾಜಿ ಮುತವಲ್ಲಿಯ ಮನೆಗೆಲಸದ ಹಸ್ನಾ.

"ಕೂಲಿ?" ಅಂದೆ.

"ಹಾಜಿಗಳ ಮಗಳ ಮದುವೆ ಕಣವ್ವ ನಾಳೆ. ಅದಕ್ಕೂ ಕೂಲಿ ಕೇಳ್ತೀಯಾ?"

"ಬಾತುಕೋಳಿ ಕಾಲಾದ್ರೂ ಕೊಡ್ತಾರೇನೋ ಕೇಳೇ," ಅಂದಳು ನನ್ನ ಪಕ್ಕದಲ್ಲಿ ಕೂತಿದ್ದ ಬಖೀತಜ್ಜಿ. ತಾನೇ ಉತ್ತರವನ್ನೂ ಕೊಟ್ಟಳು. "ಕೊಡ್ತಾರೆ ಕೊಡ್ತಾರೆ. ಉಗುರು ಇರೋ ತುದಿ."

ಹೆಂಗಸರು ನಕ್ಕರು. ನಾನು ಎದ್ದು ಹೊರಟೆ. ಹೋಗದೆ ಗತಿಯಿರಲಿಲ್ಲ. ನಮ್ಮೂರಿನ ರೇಷನ್ ಅಂಗಡಿ ಹಾಜಿ ಮುತವಲ್ಲಿಯದು. ಸರ್ಕಾರದ ಸಕ್ಕರೆ, ಎಣ್ಣೆ, ಟೀಪುಡಿ, ಸೋಪು, ಎಲ್ಲ ಅವನ ಕೈಯಿಂದಲೇ ಬರಬೇಕು. ವಿಧವೆಯರ ಕಾರ್ಡು, ಓದು ಬಾರದವರ ಕಾರ್ಡು ಅವನ ತಗಡಿನ ಡಬ್ಬಿಯಲ್ಲೇ ಇರುತ್ತಿದ್ದವು. "ನಿಮ್ಮ ಗುಡಿಸಲಲ್ಲಿ ಇಲಿ ಕಡಿದುಬಿಡ್ತವೆ ಕಣವ್ವ, ನನ್ನ ಹತ್ರ ಭದ್ರವಾಗಿರ್ಲಿ" ಅನ್ನುತ್ತಿದ್ದ. ನನ್ನ ಗಂಡ, ಫಾರೂಕನಪ್ಪ, ತೀರಿಹೋಗಿ ಮೂರು ವರ್ಷ. ಅಷ್ಟೂ ದಿನದಿಂದ ನನ್ನ ಕಾರ್ಡನ್ನು ನಾನು ಕಣ್ಣಿಂದ ನೋಡಿರಲಿಲ್ಲ.

ಕೂಲಿಯಿಲ್ಲದ ಕೆಲಸಕ್ಕಿಂತ ಹೆಚ್ಚಾಗಿ ನನ್ನನ್ನು ಹಿಂಡುತ್ತಿದ್ದುದು ಬೇರೆ. ಆ ಮನೆಯಲ್ಲಿ ಅವತ್ತು ಶಲಬೀಯ ಇರುತ್ತಾಳೆ.

ಶಲಬೀಯ ನಮ್ಮೂರಿನ ಬಲ್ಲಾನ. ಮದುವೆಯ ಹಿಂದಿನ ದಿನ ಮದುಮಗಳ ಮೈಮೇಲಿನ ಕೂದಲನ್ನೆಲ್ಲ ತೆಗೆದು, ಮೀಯಿಸಿ, ಗೋರಂಟಿಗೆ ಕೂರಿಸುವವಳು. ಮುಖಕ್ಕೆ ದಾರ. ಒಂದು ತುದಿ ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಹುರಿಹಾಕಿ, ಕತ್ತರಿಯಂತೆ ಆಡಿಸಿ ಕೆನ್ನೆ, ಹಣೆ, ಮೇಲ್ದುಟಿ ಚೊಕ್ಕ ಮಾಡುತ್ತಾಳೆ. ಕೈಕಾಲಿಗೆ ಸಕ್ಕರೆ ಪಾಕ. ಸಕ್ಕರೆ, ನೀರು, ನಿಂಬೆರಸ, ಅಷ್ಟೇ. ಪಾಕ ಜೇನಿನ ಬಣ್ಣಕ್ಕೆ ಬಂದಾಗ ಒದ್ದೆ ಕಲ್ಲಿನ ಮೇಲೆ ಸುರಿದು, ಎಳೆದು ಎಳೆದು ನಾದಿದರೆ ಅದು ಬೆಳ್ಳಗೆ ಹೊಳೆದು ಹಿಟ್ಟಿನ ಉಂಡೆಯಂತೆ ಮೆತ್ತಗಾಗುತ್ತದೆ. ಚರ್ಮಕ್ಕೆ ಒತ್ತಿ ಹರವಿ ರಪ್ಪನೆ ಕಿತ್ತರೆ ಕೂದಲು ಬೇರುಸಮೇತ ಬಂದುಬಿಡುತ್ತದೆ. ಹೆಣ್ಣಿನ ಕಾಲಿಗೆ ಕ್ಷೌರದ ಕತ್ತಿ ಮುಟ್ಟಿಸುವುದು ನಮ್ಮಲ್ಲಿ ನಾಚಿಕೆಗೇಡು. ಮೂರನೇ ದಿನಕ್ಕೆ ಗಂಡಸಿನ ಗಡ್ಡದ ಹಾಗೆ ಚುಚ್ಚುತ್ತದೆ.

ಪಾಕದ ಸಕ್ಕರೆ ಮದುಮಗಳ ಮನೆಯದೇ ಆಗಬೇಕು. ಹೊರಗಿನ ಸಕ್ಕರೆ ಅವಳ ಮೈಗೆ ತಾಕಿದರೆ ಬಾಳಿನ ಸಿಹಿಯೆಲ್ಲ ಹೊರಗಿನವರ ಪಾಲು ಅಂತ ಹಿರಿಯರ ಮಾತು.

ಐದು ತಿಂಗಳ ಹಿಂದೆ, ಗೋಧಿ ಕೊಯ್ಲು ಮುಗಿದ ವಾರ, ನನ್ನ ಮಗಳು ಸನೀಯಾಳ ಮದುವೆ ಆಗಿತ್ತು. ಎರಡು ತಿಂಗಳು ಸಪ್ಪೆ ಟೀ ಕುಡಿದು ಅವಳ ಪಾಕಕ್ಕೆ ಅಂತ ಕಾರ್ಡಿನ ಸಕ್ಕರೆ ಉಳಿಸಿದ್ದೆ. ಶಲಬೀಯ ನಿಂಬೆ ಹಿಂಡಿದಾಗ ಪಾತ್ರೆಯಲ್ಲಿ ನೊರೆ ಉಕ್ಕಿತು. "ಇದ್ಯಾಕೆ ಹೀಗೆ?" ಅಂದಳು. ಪಾಕ ಹದಕ್ಕೆ ಬರಲೇ ಇಲ್ಲ, ಒದ್ದೆ ಮರಳಿನ ಹಾಗೆ ಮುರಿಯಿತು. ಮತ್ತೆ ಬಿಸಿ ಮಾಡಿದಳು. ಹಿಡಿಯಲಿಲ್ಲ. ಇನ್ನೂ ಬಿಸಿ ಮಾಡಿದಳು, ಹಚ್ಚಿದ ಜಾಗಕ್ಕೇ ಹಚ್ಚಿ ಕಿತ್ತಳು. ಕೂದಲಿನ ಜೊತೆ ಚರ್ಮವೂ ಬಂತು. ನನ್ನ ಕೂಸು ಸೆರಗು ಕಚ್ಚಿ ಸುಮ್ಮನೆ ಕೂತಿತ್ತು, ಮದುವೆ ಅಂದರೆ ಹೀಗೇ ಇರುತ್ತೇನೋ ಅಂದುಕೊಂಡು.

ಗಂಡನ ಮನೆಯಲ್ಲಿ ಅತ್ತೆ ಅವಳ ಕಾಲು ನೋಡಿದಳು. ಹಸಿ ಗಾಯ, ಕೀವು, ಹಕ್ಕಳೆ. "ಚರ್ಮದ ರೋಗ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ದೀರಿ" ಅಂತ ಏಳನೇ ದಿನ ಪೆಟ್ಟಿಗೆಯ ಜೊತೆ ಕತ್ತೆಗಾಡಿಯಲ್ಲಿ ಕಳಿಸಿಬಿಟ್ಟರು. ಅವತ್ತಿನಿಂದ ಸನೀಯಾ ಒಲೆಯ ಹಿಂದಿನ ಮೂಲೆ ಬಿಟ್ಟು ಎದ್ದಿರಲಿಲ್ಲ. ಗಾಯ ಮಾಯ್ದಿತ್ತು, ಕಲೆ ಉಳಿದಿತ್ತು.

ಆಮೇಲೆ ಇನ್ನಿಬ್ಬರು ಹುಡುಗಿಯರಿಗೂ ಹಾಗೇ ಆಯಿತು. ಶಲಬೀಯಳ ಕೈ ಸತ್ತಿದೆ ಅಂತ ಊರೆಲ್ಲ ಹೇಳಿತು. ಮೊದಲು ಹೇಳಿದವಳು ನಾನೇ. ಬಾವಿಕಟ್ಟೆಯಲ್ಲಿ, ಹತ್ತಿ ಸಾಲಿನಲ್ಲಿ, ಅಂಗಡಿಯ ಮುಂದೆ, ಎಲ್ಲಿ ನಾಲ್ಕು ಜನ ಸೇರಿದರೂ ಹೇಳಿದೆ. ಅವಳನ್ನು ಯಾರೂ ಕರೆಯದ ಹಾಗೆ ಮಾಡಿದೆ. ದಾರಿಯಲ್ಲಿ ಎದುರಾದರೆ ಉಗಿದು ಮುಂದೆ ಹೋಗುತ್ತಿದ್ದೆ.

ಹಾಜಿಯ ಮನೆಯವರು ಅವಳನ್ನು ಕರೆದದ್ದು ಪ್ರೀತಿಗಲ್ಲ. ಹಾಜಿಯ ಹೆಂಡತಿ ದೌಲತಮ್ಮ ಟಾಂಟಾ ಪಟ್ಟಣದಿಂದ ಕೂದಲು ಕರಗಿಸುವ ಕ್ರೀಮು ತರಿಸಿದ್ದಳಂತೆ. ಮಗಳು ರಾವಿಯಾ ತೋಳಿಗೆ ಹಚ್ಚಿಕೊಂಡರೆ ಕೊಳೆತ ಮೊಟ್ಟೆಯ ನಾತ, ಆಮೇಲೆ ಗುಳ್ಳೆ. ಪಕ್ಕದೂರಿನ ಬಲ್ಲಾನ ಕೇಳಿದ್ದನ್ನು ಕೊಡಲು ಹಾಜಿಗೆ ಮನಸ್ಸು ಬರಲಿಲ್ಲ. ಶಲಬೀಯಳ ಕಾರ್ಡೂ ಅವನ ಡಬ್ಬಿಯಲ್ಲೇ ಇತ್ತಲ್ಲ, ಬಿಟ್ಟಿಗೆ ಬರುತ್ತಾಳೆ.

ಮದುಮಗಳ ಕೋಣೆಯ ಬಾಗಿಲ ಮುಂದೆಯೇ ನನಗೆ ಜಾಗ ಕೊಟ್ಟರು. ಬಿಸಿನೀರಿನ ಹಂಡೆ, ಹನ್ನೆರಡು ಬಾತುಕೋಳಿ. ಎರಡನೆಯದರ ಎದೆಯ ಪುಕ್ಕ ಕೀಳುತ್ತಿದ್ದಾಗ ಶಲಬೀಯ ಅಂಗಳಕ್ಕೆ ಬಂದಳು. ಸೊರಗಿ ಅರ್ಧವಾಗಿದ್ದಳು. ಕಂಕುಳಲ್ಲಿ ಅದೇ ತಾಮ್ರದ ಪಾತ್ರೆ.

"ಸಲಾಂ, ಫಾರೂಕನವ್ವಾ."

ನಾನು ಪುಕ್ಕ ಕಿತ್ತೆ.

"ಸನೀಯಾ ಹೇಗವಳೆ?"

"ಬದುಕವಳೆ. ನಿನ್ನ ದಯ."

"ಈ ಕೈ ಕಡಿದು ಹಾಕು ಅಂದ್ರೆ ಹಾಕ್ತೀನಿ ಕಣವ್ವ."

"ಹಾಕಬೇಕಿತ್ತು. ನನ್ನ ಮಗಳನ್ನ ಮುಟ್ಟೋ ಮೊದ್ಲೇ."

ಅವಳು ಒಳಗೆ ಹೋದಳು. ಆಗ ದೌಲತಮ್ಮ ಹಸ್ನಾಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು:

"ಒಳಕೋಣೆ ಸಕ್ಕರೆ ಮುಟ್ಟಬೇಡ, ಅದು ಶರಬತ್ತಿಗೆ. ಮೈಗೆ ಹಚ್ಚಿ ಬಿಸಾಕೋದಕ್ಕೆ ಅಷ್ಟು ಒಳ್ಳೇದ್ಯಾಕೆ? ಅಂಗಡಿ ಕಡೆ ಕಾರ್ಡಿನವರ ಸಕ್ಕರೆ ಮೂಟೆ ಅದೆಯಲ್ಲ, ಅದ್ರಿಂದ ಎರಡು ಬಟ್ಟಲು ತಾ."

ಕೇಳಿಸಿತು, ಅಷ್ಟೇ. ಸಕ್ಕರೆಯಲ್ಲಿ ಎರಡು ಥರ ಇರುತ್ತದೆ ಅಂತ ನನಗೆ ಆಗ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹತ್ತಿ ಸಾಲಿನ ಹೆಂಗಸರೂ ಬಂದರು, ಹಾಡು ಹೇಳುವುದಕ್ಕೆ. ಅವರ ಕಾರ್ಡೂ ಅದೇ ಡಬ್ಬಿಯಲ್ಲಿ, ಬರದೆ ಗತಿಯಿಲ್ಲ. ಬಖೀತಜ್ಜಿ ತಮಟೆ ಹಿಡಿದು ಮುಂದೆ ಕೂತಳು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಗಂಡಿನ ಸೋದರತ್ತೆಯರು ಮೂರು ಜನ ಗೋರಂಟಿ ತಗೊಂಡು ಬರುವವರಿದ್ದರು. ಬಟ್ಟೆ ವ್ಯಾಪಾರದ ದೊಡ್ಡ ಮನೆತನ. ಹಳೇಕಾಲದವರು, ಮದುಮಗಳ ಕಾಲಿಗೆ ತಾವೇ ಗೋರಂಟಿ ಹಚ್ಚುತ್ತಾರೆ, ಹಚ್ಚುತ್ತಾ ಮೊಣಕಾಲ ತನಕ ಕೈಯಾಡಿಸಿ ನೋಡುತ್ತಾರೆ.

ಒಳಗೆ ಸ್ಟೌ ಹೊತ್ತಿತು. ಸ್ವಲ್ಪ ಹೊತ್ತಿಗೆ ಹಾಡು ತಡವರಿಸಿತು, ನಿಂತಿತು. ನಾನು ಬಾತುಕೋಳಿ ಹಿಡಿದುಕೊಂಡೇ ಎದ್ದು ಇಣುಕಿದೆ. ಪಾತ್ರೆಯಲ್ಲಿ ನೊರೆ. ಅದೇ ನೊರೆ. ಕಲ್ಲಿನ ಮೇಲೆ ಸುರಿದ ಪಾಕ ಮುದ್ದೆಯಾಗದೆ ಹರಳು ಹರಳಾಗಿ ಬಿರಿಯುತ್ತಿತ್ತು. ಶಲಬೀಯ ರಾವಿಯಾಳ ಬಲ ಮೀನಖಂಡಕ್ಕೆ ಒಂದು ತುಂಡು ಒತ್ತಿ ಎಳೆದಳು. ಕೂದಲು ಹಾಗೇ ಇತ್ತು, ಚರ್ಮ ಕೆಂಪಾಯಿತು. ರಾವಿಯಾ ಕಿರುಚಿದಳು.

ದೌಲತಮ್ಮ ಶಲಬೀಯಳ ಕೆನ್ನೆಗೆ ಹೊಡೆದಳು.

"ನನ್ನ ಮಗಳೇನು ಕೂಲಿಯವಳ ಮಗಳು ಅಂದ್ಕೊಂಡ್ಯಾ, ಸುಲಿದು ಕಳ್ಸೋಕೆ?"

ಕೋಣೆಯಲ್ಲಿದ್ದ ಕಣ್ಣೆಲ್ಲ ತಿರುಗಿ ನನ್ನ ಮೇಲೆ ಬಿತ್ತು. ನನ್ನ ಕೈಯಲ್ಲಿ ಅರ್ಧ ಕಿತ್ತ ಬಾತುಕೋಳಿ.

"ಕೈ ಸತ್ತದೆ ಅಂತ ನಾನು ಮೊದ್ಲೇ ಹೇಳಿದ್ದೆ ಅಮ್ಮಾವ್ರೇ," ಅಂದಳು ಶಲಬೀಯ. "ನೀವೇ ಕೇಳಲಿಲ್ಲ." ಅವಳು ಪಾತ್ರೆ ಎತ್ತಿಕೊಂಡು ಎದ್ದಳು.

ದೌಲತಮ್ಮ ಪಕ್ಕದೂರಿಗೆ ಗಾಡಿ ಕಳಿಸುವುದಕ್ಕೆ ದಡದಡನೆ ಹೊರಗೆ ಹೋದಳು. ಅವಳು ಹೋದದ್ದೇ ರಾವಿಯಾ ಕಣ್ಣೊರೆಸಿಕೊಂಡು ಅಂದಳು:

"ಎಲ್ಲಿಗೆ ಹೋಗ್ತೀಯ? ಕೂತ್ಕೋ. ಗಾಡಿ ಹೋಗಿ ಬರೋದ್ರೊಳಗೆ ಅವರು ಬಂದುಬಿಡ್ತಾರೆ. ಹಸ್ನಾ, ಒಳಕೋಣೆ ಸಕ್ಕರೆ ತಾರೇ. ಇದು ಬರೀ ಕಲ್ಲು."

"ಅಮ್ಮಾವ್ರು ಬ್ಯಾಡ ಅಂದವ್ರೆ..."

"ನನ್ನ ಕಾಲಿಗಿಂತ ಶರಬತ್ತು ಹೆಚ್ಚಾ? ತಾ ಅಂದ್ರೆ ತಾ."

ಶರಬತ್ತಿಗೆ ಅಂತ ಹೊರಗೆ ತೆಗೆದಿಟ್ಟಿದ್ದರಲ್ಲಿ ಒಂದು ಬಟ್ಟಲು ಹಸ್ನಾ ತಂದಳು. ಶಲಬೀಯ ಒಲ್ಲದ ಮನಸ್ಸಿನಿಂದ ಪಾತ್ರೆ ತೊಳೆದು ಮತ್ತೆ ಇಟ್ಟಳು. ಸಕ್ಕರೆ, ನೀರು. ನಿಂಬೆ ಹಿಂಡುವಾಗ ಮುಖ ಆ ಕಡೆ ತಿರುಗಿಸಿಕೊಂಡಳು, ನೋಡಲಾರದವಳ ಹಾಗೆ. ಆಮೇಲೆ ಮೆಲ್ಲಗೆ ತಿರುಗಿ ನೋಡಿದಳು.

ನೊರೆ ಬರಲಿಲ್ಲ.

ಪಾಕ ತೆಳ್ಳಗೆ ಕುದಿಯಿತು, ಹಳದಿಯಾಯಿತು, ಜೇನಾಯಿತು. ಕಲ್ಲಿನ ಮೇಲೆ ಸುರಿದಾಗ ಕನ್ನಡಿಯ ಹಾಗೆ ಹರಡಿತು. ಅವಳು ಬೆರಳು ಅದ್ದಿ ಎಳೆದಳು. ಎಳೆ ಬಂತು. ನಾದಿದಳು. ಉಂಡೆ ಬೆಳ್ಳಗಾಗುತ್ತಾ ಬಂತು. ರಾವಿಯಾಳ ಬಲಗಾಲಿಗೆ ಒತ್ತಿ, ಹರವಿ, ರಪ್ಪನೆ ಕಿತ್ತಳು. ಒಂದು ಕೂದಲೂ ಉಳಿಯಲಿಲ್ಲ.

ಹೆಂಗಸರು ನಾಲಿಗೆ ಆಡಿಸಿ ಉಲುಲು ಅಂತ ಕೂಗಿದರು. ಶಲಬೀಯಳಿಗೆ ಅದು ಕೇಳಿಸಿದ ಹಾಗಿರಲಿಲ್ಲ. ತನ್ನ ಕೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಮತ್ತೆ ಬಗ್ಗಿದಳು. ಒಂದೇ ಉಸಿರಿಗೆ ಅನ್ನುವ ಹಾಗೆ ಬಲಗಾಲನ್ನು ಮುಗಿಸಿದಳು. ಹಿಂದಿನ ಶಲಬೀಯಳೇ.

ಎಡಗಾಲಿಗೆ ಕೈಹಚ್ಚಲಿಲ್ಲ. ಮೊದಲ ಬಟ್ಟಲಲ್ಲಿ ಉಳಿದಿದ್ದ ಸಕ್ಕರೆ ಒಂದು ಚಿಟಿಕೆ ಎಡಗೈಗೆ ಹಾಕಿಕೊಂಡಳು. ಎರಡನೇ ಬಟ್ಟಲಿಂದ ಒಂದು ಚಿಟಿಕೆ ಕಲ್ಲಿನ ಮೇಲೆ ಇಟ್ಟಳು. ಎರಡರ ಮೇಲೂ ನಿಂಬೆ ಹಿಂಡಿದಳು. ಕಲ್ಲಿನ ಮೇಲಿನದು ಸದ್ದಿಲ್ಲದೆ ಕರಗಿತು. ಅಂಗೈಯಲ್ಲಿದ್ದದ್ದು ಬುಸುಬುಸು ಅಂತ ನೊರೆಯೆದ್ದಿತು.

ಬಖೀತಜ್ಜಿ ತಮಟೆ ಕೆಳಗಿಟ್ಟು ತೆವಳಿಕೊಂಡು ಬಂದು ನೋಡಿದಳು. ನೊರೆ ಇಳಿದ ಮೇಲೆ ಉಳಿದ ಬಿಳಿ ಕೆಸರನ್ನು ಬೆರಳಲ್ಲಿ ತಿಕ್ಕಿದಳು.

"ಗೋಡೆಗೆ ಬಳಿಯೋ ಬಿಳಿಕಲ್ಲಿನ ಪುಡಿ ಕಣ್ರೇ ಇದು. ನನ್ನ ಗಂಡ ಮೂವತ್ತು ವರ್ಷ ಗೋಡೆ ಬಳಿದ. ಹುಳಿ ಬಿದ್ರೆ ಹೀಗೇ ಇದು ಕುದಿಯೋದು." ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ನಮ್ಮ ಟೀ ಲೋಟ."

ಲೋಟದ ತಳದ ಗಸಿ ಎಲ್ಲರ ಕಣ್ಣಿಗೂ ಬಂದಿರಬೇಕು. ಕಾಲುವೆಗೆ ಬೈದದ್ದು, ಅಣೆಕಟ್ಟಿಗೆ ಬೈದದ್ದು. ಮಕ್ಕಳ ಹೊಟ್ಟೆನೋವಿಗೆ ದೃಷ್ಟಿ ತೆಗೆಸಿದ್ದು. ನನಗೆ ಮಾತ್ರ ಎರಡು ತಿಂಗಳ ಸಪ್ಪೆ ಟೀ ನೆನಪಾಯಿತು. ಮಗಳ ಚರ್ಮ ಸುಲಿದ ಸಕ್ಕರೆಯನ್ನು ನಾನೇ ಬಾಯಿ ಕಟ್ಟಿ ಕೂಡಿಟ್ಟಿದ್ದೆ.

ಶಲಬೀಯ ಎದ್ದು ಬಾಗಿಲ ತನಕ ಬಂದು ಅಂಗೈಯನ್ನು ನನ್ನ ಮುಂದೆ ಹಿಡಿದಳು.

"ನನ್ನ ಕೈ ಸತ್ತಿರಲಿಲ್ಲ, ಫಾರೂಕನವ್ವಾ."

ಐದು ತಿಂಗಳು ಅವಳ ಅನ್ನ ಕಿತ್ತವಳು ನಾನು. ಬಾತುಕೋಳಿ ಕೈಜಾರಿ ಬಿತ್ತು. ನನ್ನ ಸೆರಗಿನಿಂದ ಆ ಅಂಗೈ ಒರೆಸಿದೆ. ಅದಷ್ಟೇ ಆಗಿದ್ದು ನನ್ನಿಂದ.

ಅವಳು ಒಳಗೆ ಹೋಗಿ ಕೈ ತೊಳೆದುಕೊಂಡು, ಚಾಪೆಯ ಮೇಲೆ ಕಾಲು ಮಡಿಚಿ ಕೂತಳು.

ಅರ್ಧ ಕೆಲಸವಾದಾಗ ಬಲ್ಲಾನ ಹೀಗೆ ಕೈ ತೊಳೆದು ಕೂರುವುದು ನಮ್ಮಲ್ಲಿ ಪದ್ಧತಿ. "ನನ್ನ ಹಕ್ಕು ಕೊಡಿ, ಇಲ್ಲ ಅಂದ್ರೆ ಅರ್ಧ ಮದುಮಗಳನ್ನೇ ಕಳಿಸಿ" ಅನ್ನುತ್ತಾಳೆ. ಮದುಮಗಳ ತಾಯಿ ಚೌಕಾಸಿ ಮಾಡುತ್ತಾಳೆ, ಹೆಂಗಸರು ಗೇಲಿ ಮಾಡಿ ಹಾಡುತ್ತಾರೆ, ಕೊನೆಗೆ ಸೋಪೋ ಬಟ್ಟೆಯೋ ಕೊಟ್ಟ ಮೇಲೆ ನಗುತ್ತಾ ಎದ್ದು ಉಳಿದರ್ಧ ಮುಗಿಸುತ್ತಾಳೆ.

ದೌಲತಮ್ಮ ಒಳಗೆ ಬಂದಾಗ ಮಗಳ ನುಣುಪಾದ ಬಲಗಾಲು ಕಾಣಿಸಿತು. ಮುಖ ಅರಳಿತು.

"ಅಂತೂ ಬಂತಾ ಕೈಗೆ ಜೀವ! ಯಾಕೆ ಕೂತೆ? ಓ, ಹಕ್ಕಾ? ತಗೋ, ಸೋಪು ಕೊಡ್ತೀನಿ, ಏಳು."

"ಸೋಪು ಬ್ಯಾಡ."

"ರವಿಕೆ ಬಟ್ಟೆ?"

"ಬ್ಯಾಡ."

"ಮತ್ತಿನ್ನೇನೇ? ನನ್ನ ಬಳೆ ಬೇಕಾ?"

"ಕಾರ್ಡಿನ ಡಬ್ಬಿ. ಮತ್ತೆ ಒಳಕೋಣೆ ಬೀಗದ ಕೈ."

ದೌಲತಮ್ಮ ನಕ್ಕಳು, ಗೇಲಿ ಅಂದುಕೊಂಡು. ಜೊತೆಗೆ ಯಾರೂ ನಗಲಿಲ್ಲ. ಆಗ ಅವಳ ಕಣ್ಣು ಎರಡು ಬಟ್ಟಲ ಮೇಲೆ, ಹಿಂಡಿದ ನಿಂಬೆಯ ಮೇಲೆ ಹೋಯಿತು. ನಗು ನಿಂತಿತು. ಹೊರಗೆ ಓಡಿದಳು.

ಹಾಜಿ ಬಂದ. ಬಾಗಿಲ ಪರದೆಯ ಆಚೆ ನಿಂತು ಕೆಮ್ಮಿದ. ಒಳಗೆ ಬರುವ ಹಾಗಿಲ್ಲ. ಮಗಳು ಕಾಲು ಬಿಟ್ಟುಕೊಂಡು ಕೂತಿದ್ದಾಳೆ, ಇಪ್ಪತ್ತು ಹೆಂಗಸರು ತಲೆಬಟ್ಟೆ ತೆಗೆದಿಟ್ಟಿದ್ದಾರೆ. ಸ್ವಂತ ಮನೆಯ ಕೋಣೆಗೆ ಅವನಿಗೆ ಪ್ರವೇಶವಿಲ್ಲ. ಆದರೂ ಇರಲಿ ಅಂತ ನಾನು ಹೊಸ್ತಿಲಿಗೆ ಅಡ್ಡ ಕೂತೆ.

"ಏನೇ ಅದು ಶಲಬೀಯ? ನನ್ನ ಅನ್ನ ತಿಂದು ನನಗೇ ತಿರುಗಿ ಬೀಳ್ತೀಯಾ?"

"ನಿಮ್ಮ ಅನ್ನ ಯಾವತ್ತು ತಿಂದೆ ಹಾಜಿಗಳೇ? ನಿಮ್ಮ ಗೋಡೆ ತಿಂದಿದ್ದೀನಿ."

"ಸರ್ಕಾರ ಕಳ್ಸಿದ್ದನ್ನ ನಾನು ಅಳೆದು ಕೊಡ್ತೀನಿ. ಅದ್ರಲ್ಲಿ ಏನು ಬೆರೆತದೆ ಅಂತ ನಂಗೇನು ಗೊತ್ತು?"

"ಹಂಗಾದ್ರೆ ಸರ್ಕಾರ ಶರಬತ್ತಿಗೆ ಬೇರೆ ಕಳ್ಸುತ್ತಾ?" ಅಂದಳು ಬಖೀತಜ್ಜಿ.

ಪರದೆಯ ಆಚೆ ಹಾಜಿ ನೆಲಕ್ಕೆ ಕಾಲು ಅಪ್ಪಳಿಸಿದ.

"ಎಲ್ಲರ ಕಾರ್ಡೂ ಒಲೆಗೆ ಹಾಕ್ತೀನಿ. ಪೊಲೀಸರನ್ನ ಕರೆಸ್ತೀನಿ. ರೇಷನ್ ಇನ್ಸ್‌ಪೆಕ್ಟರ್ ನಾಳೆ ನನ್ನ ಮನೇಲೇ ಊಟಕ್ಕೆ ಕೂರ್ತಾನೆ, ತಿಳ್ಕೊಳ್ಳಿ. ಬಾತುಕೋಳಿ ಊಟ!"

"ಬಾತುಕೋಳಿ ಇನ್ನೂ ಅರ್ಧವೇ ಕಿತ್ತದೆ ಹಾಜಿಗಳೇ," ಅಂದೆ ನಾನು. ಐದು ತಿಂಗಳಲ್ಲಿ ನನ್ನ ಬಾಯಿಂದ ಬಂದ ಮೊದಲ ಒಳ್ಳೇ ಮಾತು ಅದು.

ದೌಲತಮ್ಮ ಪರದೆಯ ಸಂದಿಯಿಂದ ನನ್ನನ್ನು ದಾಟಿ ಒಳಗೆ ನುಗ್ಗಿದಳು. ಕೈಯಲ್ಲಿ ಹಾಜಿಯ ಕ್ಷೌರದ ಕತ್ತಿ.

"ಇವಳ ಹಂಗು ಯಾಕೆ? ಬಾ ಮಗಳೇ, ನಾನೇ ತೆಗೀತೀನಿ."

"ಮುಟ್ಟಬೇಡ!" ರಾವಿಯಾ ಕಾಲು ಎಳೆದುಕೊಂಡಳು. "ಅಪ್ಪನ ಗಡ್ಡದ ಕತ್ತಿ ನನ್ನ ಕಾಲಿಗಾ? ಅವರ ಅತ್ತೆಯರು ಮುಟ್ಟಿದ್ರೆ ಗೊತ್ತಾಗಲ್ವಾ? ಒಂದು ಕಾಲು ಹೆಂಗಸಿಂದು, ಒಂದು ಕಾಲು ಗಂಡಸಿಂದು ಅಂತ ಊರೆಲ್ಲ ಹಾಡ್ತಾರೆ."

"ಕ್ರೀಮು ಅದೆ..."

"ನೀನೇ ಹಚ್ಕೋ ಆ ಕೊಳೆತ ಮೊಟ್ಟೇನ!"

ಆಮೇಲೆ ಅವಳು ಶಲಬೀಯಳ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ವಿಷ.

"ನನ್ನ ಮದುವೆ ದಿನವೇ ಸಿಕ್ತಾ ನಿಂಗೆ? ಇನ್ನೊಂದು ದಿನ ಇರಲಿಲ್ವಾ?"

"ಸನೀಯಾಗೂ ಒಂದೇ ದಿನ ಇತ್ತು ಕಣಮ್ಮ," ಅಂದಳು ಶಲಬೀಯ.

"ಅದಕ್ಕೆ ನಾನೇನ್ ಮಾಡ್ಲಿ? ನಾನಾ ಬೆರೆಸಿದ್ದು?"

"ನೀನಲ್ಲ. ನೀನು ಒಳಕೋಣೆ ಸಕ್ಕರೆ ಕುಡಿದು ಬೆಳೆದೆ, ಅಷ್ಟೇ."

"ನಿನ್ನ ಕೈ ಮುರೀಲಿ!"

"ಮುರಿದೇ ಇತ್ತು. ಇವತ್ತು ಕೂಡಿಕೊಂತು."

ಹೊರಗೆ ಮಸೀದಿಯಿಂದ ಅಸರ್ ಕರೆ ಕೇಳಿಸಿತು. ಹಸ್ನಾ ಮಾಳಿಗೆಯ ಮೇಲಿಂದ ಕೂಗಿದಳು, ಸೇತುವೆಯ ಹತ್ತಿರ ಗಾಡಿಗಳು ಕಾಣಿಸ್ತಾ ಇದ್ದಾವೆ ಅಂತ. ರಾವಿಯಾ ತನ್ನ ಎರಡು ಕಾಲನ್ನೂ ಮುಂದೆ ಚಾಚಿ ನೋಡಿಕೊಂಡಳು. ಒಂದು ಹಾಲಿನ ಹಾಗೆ, ಇನ್ನೊಂದು ಕಪ್ಪು ರೋಮದ್ದು. ಪಕ್ಕಪಕ್ಕ ಇಟ್ಟಾಗ ಎಡಗಾಲು ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ಎರಡೂ ಕಾಲು ಹಾಗೇ ಇದ್ದಿದ್ದರೆ ಏನಾದರೂ ನೆಪ ಹೇಳಬಹುದಿತ್ತು.

"ಅಪ್ಪಾ!" ಪರದೆಯ ಕಡೆಗೆ ಕೂಗಿದಳು. "ಎಡಗಾಲು ನೋಡಿ ಅವರು ಯಾಕೆ ಅಂತ ಕೇಳ್ತಾರೆ. ಈ ಇಪ್ಪತ್ತು ಬಾಯಲ್ಲಿ ಒಂದಾದ್ರೂ ಹೇಳದೆ ಇರುತ್ತಾ?"

ಪರದೆಯ ಆಚೆ ಹೆಜ್ಜೆ ಸದ್ದು ದೂರ ಹೋಯಿತು, ಮರಳಿ ಬಂತು. ಪರದೆಯ ಕೆಳಗಿಂದ ತಗಡಿನ ಡಬ್ಬಿ ನೆಲಕ್ಕೆ ಉಜ್ಜುತ್ತಾ ನನ್ನ ಮೊಣಕಾಲಿಗೆ ಬಂದು ತಾಕಿತು. ಅದರ ಮೇಲೆ ಬೀಗದ ಕೈ.

ಒಳಕೋಣೆಯಲ್ಲಿ ಸೂರಿನ ತನಕ ಮೂಟೆ. ಹಿತ್ತಲ ಬಾಗಿಲಿಂದ ಹೆಂಗಸರು ಸೆರಗಲ್ಲಿ, ತಲೆಬಟ್ಟೆಯಲ್ಲಿ, ಬಾತುಕೋಳಿಗೆ ಇಟ್ಟಿದ್ದ ಬುಟ್ಟಿಯಲ್ಲಿ ಸಕ್ಕರೆ ಹೊತ್ತರು. ಬಖೀತಜ್ಜಿ ತಮಟೆಯನ್ನೇ ಅಂಗಾತ ಮಾಡಿ ತುಂಬಿಕೊಂಡಳು. ಮುಂಬಾಗಿಲಿಂದ ಗಂಡಿನ ಅತ್ತೆಯರು ಒಳಗೆ ಬರುತ್ತಿದ್ದಾಗ ಹಿಂಬಾಗಿಲಿಂದ ಕೊನೆಯ ಬುಟ್ಟಿ ಹೊರಗೆ ಹೋಗುತ್ತಿತ್ತು. ಅತ್ತೆಯರನ್ನು ದೌಲತಮ್ಮ ಪಡಸಾಲೆಯಲ್ಲೇ ಕೂರಿಸಿ ಶರಬತ್ತು ಕೊಟ್ಟು ಮಾತಿಗೆ ಹಿಡಿದಳು.

ಅಷ್ಟರಲ್ಲಿ ಶಲಬೀಯ ಎಡಗಾಲು ಮುಗಿಸಿದಳು. ಬಲಗಾಲಿಗಿಂತ ಚೆನ್ನಾಗಿ ಮಾಡಿದಳು. ಒಂದು ಕೆಂಪು ಕಲೆಯೂ ಬೀಳಲಿಲ್ಲ. ಮುಗಿಸಿ, ಯಾರ ಮುಖವನ್ನೂ ನೋಡದೆ, ಪಾತ್ರೆ ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು. ನಾನೂ ಎದ್ದೆ. ಐದು ಬಾತುಕೋಳಿ ಪುಕ್ಕದ ಸಮೇತ ಅಲ್ಲೇ ಬಿದ್ದಿದ್ದವು.

ಮದುವೆ ಸಾಂಗವಾಗಿ ನಡೆಯಿತು. ಇನ್ಸ್‌ಪೆಕ್ಟರ್ ಬಂದ, ಉಂಡ, ಅಂಗಡಿಯ ಪುಸ್ತಕದಲ್ಲಿ ಸಕ್ಕರೆ ಚೆನ್ನಾಗಿದೆ ಅಂತ ಬರೆದು ರುಜು ಹಾಕಿ ಹೋದ. ನಾವು ಟಾಂಟಾಕ್ಕೆ ಹೋಗಿ ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ. ಅಂಗಡಿ ಹಾಜಿಯದೇ.

ಮುಂದಿನ ತಿಂಗಳು ರೇಷನ್ ದಿನ ಸಾಲು ನಿಂತಿತು. ಕಾರ್ಡು ನಮ್ಮ ನಮ್ಮ ರವಿಕೆಯೊಳಗೆ. ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಹೋಳು ನಿಂಬೆ. ಯಾರೂ ಮಾತಾಡಿಕೊಂಡದ್ದಲ್ಲ, ಎಲ್ಲರೂ ತಂದಿದ್ದರು. ಹಾಜಿ ತಲೆಯೆತ್ತಿ ನೋಡಿದ. ನಿಂಬೆ ಕಂಡಿತು. ಒಳಗೆ ಹೋಗಿ ಬೇರೆ ಮೂಟೆ ಬಿಚ್ಚಿದ.

ಶಲಬೀಯ ನನ್ನ ಹಿಂದೆಯೇ ನಿಂತಿದ್ದಳು. ನನ್ನ ಸರದಿ ಬಂದಾಗ ಅವನು ತಕ್ಕಡಿಯಿಂದ ಸುರಿದ ಸಕ್ಕರೆಯ ಮೇಲೆ ನಿಂಬೆ ಹಿಂಡಿದೆ. ಎಲ್ಲರೂ ಕತ್ತು ಚಾಚಿ ನೋಡಿದರು. ಸದ್ದಿಲ್ಲದೆ ಕರಗಿತು.

"ಆಯ್ತಲ್ಲ? ಮುಂದಿನವರು ಬನ್ನಿ," ಅಂದ.

ನಾನು ಸರಿಯಲಿಲ್ಲ.

"ನನ್ನದು ಆಯ್ತು. ಸನೀಯಾಳ ಬಾಕಿ?"

"ಅವಳದ್ದೇನು ಬಾಕಿ?"

"ಅವಳ ಗಂಡನ ಊರಿಗೆ ನನ್ನ ಜೊತೆ ಬರಬೇಕು. ಅವಳ ಅತ್ತೆ ಮುಂದೆ, ನಿಮ್ಮ ಬಾಯಲ್ಲೇ ಹೇಳಬೇಕು. ಹುಡುಗಿ ಮೈಯಲ್ಲಿ ರೋಗ ಇರಲಿಲ್ಲ, ನನ್ನ ಸಕ್ಕರೇಲಿ ಇತ್ತು ಅಂತ."

ಅವನು ತಕ್ಕಡಿಯ ಬಟ್ಟಲನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ನೋಡೋಣ. ಮುಂದಿನ ತಿಂಗಳು."

"ಮುಂದಿನವರು ಯಾರ್ರೇ?" ನಾನು ಹಿಂದೆ ತಿರುಗಿ ಕೇಳಿದೆ.

"ನಾನಲ್ಲ," ಅಂದಳು ಶಲಬೀಯ. ನೆಲಕ್ಕೆ ಕೂತಳು. ಅವಳ ಹಿಂದಿನವಳೂ ಕೂತಳು. ಸಾಲು ಉದ್ದಕ್ಕೂ ಬಿಸಿಲಲ್ಲಿ ಕೂತಿತು.

ಅವತ್ತು ಸಂಜೆ ತನಕ ಅಂಗಡಿಯಲ್ಲಿ ತಕ್ಕಡಿ ಅಲುಗಲಿಲ್ಲ. ಅವನು ನನ್ನ ಜೊತೆ ಬರಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಈಗ ಹತ್ತಿ ಮುಗಿದು ಗೋಧಿ ಬಿತ್ತಿಯಾಗಿದೆ. ಪ್ರತಿ ತಿಂಗಳೂ ನಾನು ನಿಂಬೆ ಹಿಡಿದು ಹೋಗುತ್ತೇನೆ, ಸಕ್ಕರೆ ನೋಡುತ್ತೇನೆ, ಬಾಕಿ ಕೇಳುತ್ತೇನೆ. ಹೋದ ಸಲ ಸನೀಯಾಳೂ ಒಲೆಯ ಮೂಲೆಯಿಂದ ಎದ್ದು ಜೊತೆಗೆ ಬಂದಳು. ಹಾಜಿಯ ಕಟ್ಟೆಯ ಮೇಲೆ, ಅವನ ಕಣ್ಣೆದುರಿಗೇ, ಲಂಗ ಮೀನಖಂಡದ ತನಕ ಎತ್ತಿಕೊಂಡು ಕೂತಳು, ಕಲೆ ಎಲ್ಲರಿಗೂ ಕಾಣುವ ಹಾಗೆ.